ಥಾರ್ ಮರುಭೂಮಿಯಲ್ಲಿ ಒಂಟಿ ಬೈಕ್: ಬಿಸಿಲಿನ ಲೆಕ್ಕ ಮೊದಲು, ಕಿಲೋಮೀಟರ್ ಆಮೇಲೆ

ಫಲೋಡಿ ದಾಟಿ ಪೋಖರಣ್ ಕಡೆ ಹೋಗುತ್ತಿದ್ದೆ. ಏಪ್ರಿಲ್ ತಿಂಗಳು, ಮಧ್ಯಾಹ್ನ ಹನ್ನೆರಡರ ಹೊತ್ತು. ಲಾರಿಯೊಂದು ಹಿಂದಿನಿಂದ ಹಾರ್ನ್ ಹೊಡೆಯುತ್ತಾ ಪಕ್ಕಕ್ಕೆ ಬಂತು. ಡ್ರೈವರ್ ಕಿಟಕಿಯಿಂದ ಕೈ ಹಾಕಿ ಬೆರಳು ಬಿಚ್ಚಿ ಮುಚ್ಚಿ ಸನ್ನೆ ಮಾಡಿದ. ನನ್ನ ಇಂಡಿಕೇಟರ್ ಮಿನುಗುತ್ತಲೇ ಇತ್ತು. ಫಲೋಡಿಯಲ್ಲಿ ಟೀ ಕುಡಿದು ಹೊರಟಾಗ ಹಾಕಿದ್ದು, ಮೂವತ್ತು ಕಿಲೋಮೀಟರ್ ಆದರೂ ಆರಿಸಿರಲಿಲ್ಲ. ಟ್ಯಾಂಕ್ ಮೇಲಿದ್ದ ನೀರಿನ ಬಾಟಲಿ ತುಂಬಿದ್ದು ತುಂಬಿದ ಹಾಗೇ ಇತ್ತು. ಮೈ ಬೆವರಿರಲಿಲ್ಲ, ಬಾಯಾರಿಕೆಯೂ ಇರಲಿಲ್ಲ. ಚೆನ್ನಾಗಿಯೇ ಇದ್ದೇನೆ ಅಂದುಕೊಂಡಿದ್ದೆ. ಬೈಕ್ ನಿಲ್ಲಿಸಿ ಇಳಿದಾಗ ಕಾಲು ನಡುಗಿತು.

ಆ ದಿನ ಬೈಕಿಗೆ ಏನೂ ಆಗಿರಲಿಲ್ಲ. ಕೆಟ್ಟಿದ್ದು ನಾನು. ಮರುಭೂಮಿಗೆ ಹೊರಡುವವರು ಗಾಡಿ ತಯಾರಿ ಬಗ್ಗೆ ನೂರು ಪ್ರಶ್ನೆ ಕೇಳುತ್ತಾರೆ, ಗಡಿಯಾರದ ಬಗ್ಗೆ ಒಂದನ್ನೂ ಕೇಳುವುದಿಲ್ಲ. ಈ ಲೇಖನ ಹೆಚ್ಚಾಗಿ ಗಡಿಯಾರದ ಬಗ್ಗೆಯೇ ಇದೆ.

ಯಾವಾಗ, ಯಾವ ದಾರಿ

ನಿಮಗೆ ರಜೆ ಯಾವಾಗ ಬೇಕಾದರೂ ಸಿಗುತ್ತದೆ ಅಂದರೆ ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಕೊನೆಯೊಳಗೆ ಹೋಗಿ. ಆಗ ಹಗಲು ಹಿತ, ರಾತ್ರಿ ಚಳಿ. ಆದರೆ ಮಕ್ಕಳ ಪರೀಕ್ಷೆ, ಆಫೀಸಿನ ಮಾರ್ಚ್ ಕೊನೆಯ ಲೆಕ್ಕ ಎಲ್ಲ ಮುಗಿದು ರಜೆ ಸಿಗುವುದು ಏಪ್ರಿಲ್‌ನಲ್ಲೇ ಅಲ್ವಾ? ನನಗೂ ಹಾಗೇ ಆಯಿತು. ಏಪ್ರಿಲ್‌ನಲ್ಲಿ ಹೋಗಬಹುದು, ಆದರೆ ಕೆಳಗೆ ಹೇಳುವ ನಿಯಮ ಮುರಿಯಬಾರದು. ಮೇ, ಜೂನ್ ಬೇಡವೇ ಬೇಡ. ನಾವು ದಾಟಿ ಹೋಗುವ ಇದೇ ಫಲೋಡಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ಅದು ನೆರಳಿನಲ್ಲಿ ಅಳೆದ ಲೆಕ್ಕ. ಡಾಂಬರಿನ ಮೇಲೆ, ಇಂಜಿನ್ ಮೇಲೆ ಕೂತವನ ಗತಿ ನೀವೇ ಊಹಿಸಿ.

ಮೊದಲ ಸಲ ಹೋಗುವವರಿಗೆ ನಾನು ಹೇಳುವ ದಾರಿ ಒಂದು ಸುತ್ತು. ಜೋಧಪುರದಿಂದ ಓಸಿಯಾಂ, ಫಲೋಡಿ, ಪೋಖರಣ್, ಜೈಸಲ್ಮೇರ್. ಅಲ್ಲಿಂದ ರಾಮಗಢ, ತಾನೋಟ್, ಲೋಂಗೇವಾಲಾ ನೋಡಿ ಮತ್ತೆ ಜೈಸಲ್ಮೇರ್. ವಾಪಸ್ ಬಾರ್ಮೇರ್ ಮೇಲೆ ಜೋಧಪುರ. ಎಲ್ಲ ಸೇರಿ ಸಾವಿರ ಕಿಲೋಮೀಟರ್ ಒಳಗೇ ಮುಗಿಯುತ್ತದೆ. ಚಳಿಗಾಲದಲ್ಲಿ ಐದು ದಿನ ಸಾಕು. ಏಪ್ರಿಲ್‌ನಲ್ಲಿ ಏಳು ದಿನ ಇಟ್ಟುಕೊಳ್ಳಿ.

ಕರ್ನಾಟಕದಿಂದ ಅಲ್ಲಿವರೆಗೆ ಓಡಿಸಿಕೊಂಡೇ ಹೋಗುತ್ತೇನೆ ಅನ್ನುವವರಿಗೆ ನನ್ನ ಅಡ್ಡಿಯಿಲ್ಲ. ನಾನು ಮಾತ್ರ ರೈಲಿಗೆ ಹಾಕಿದೆ. ಬೆಂಗಳೂರಿನಿಂದ ಹುಬ್ಬಳ್ಳಿ ಮೇಲೆ ಜೋಧಪುರಕ್ಕೆ ನೇರ ರೈಲಿದೆ. ನೀವು ಅದೇ ರೈಲಿನಲ್ಲಿ ಹೋಗುವುದಾದರೆ ಟಿಕೆಟ್ ತೋರಿಸಿ ಬೈಕನ್ನು ಲಗೇಜ್ ಆಗಿ ಬುಕ್ ಮಾಡಬಹುದು. ಆರ್‌ಸಿ ಮತ್ತು ಗುರುತಿನ ಚೀಟಿಯ ಜೆರಾಕ್ಸ್ ಬೇಕು. ಟ್ಯಾಂಕಿನಲ್ಲಿ ಪೆಟ್ರೋಲ್ ಪೂರ್ತಿ ಖಾಲಿ ಇರಬೇಕು. ಗೋಣಿ ಸುತ್ತಿ ಕಟ್ಟುವವರು ಪಾರ್ಸೆಲ್ ಆಫೀಸಿನ ಹೊರಗೇ ಸಿಗುತ್ತಾರೆ. ಕನ್ನಡಿ ಬಿಚ್ಚಿ ಚೀಲದಲ್ಲಿ ಹಾಕಿಕೊಳ್ಳಿ. ಹ್ಯಾಂಡಲ್, ಟ್ಯಾಂಕ್, ಹೆಡ್‌ಲೈಟ್‌ಗೆ ಎರಡು ಸುತ್ತು ಜಾಸ್ತಿ ಹುಲ್ಲು ಹಾಕಿಸಿ. ಆ ರೈಲಿನಲ್ಲಿ ಅರ್ಧ ಬೋಗಿ ನಮ್ಮ ಊರುಗಳಲ್ಲಿ ಅಂಗಡಿ ಇಟ್ಟಿರುವ ಮಾರವಾಡಿ ಕುಟುಂಬಗಳೇ ಇರುತ್ತವೆ. ದಾರಿ, ಬಿಸಿಲು, ಊಟ, ಎಲ್ಲದರ ಮಾಹಿತಿ ಕನ್ನಡದಲ್ಲೇ ಸಿಗುತ್ತದೆ. ನಾನು ಬೈಕಿನಲ್ಲಿ ಒಬ್ಬನೇ ಹೋಗುತ್ತೇನೆ ಅಂದಾಗ ಎದುರು ಸೀಟಿನ ಅಜ್ಜಿ ಒಂದು ಡಬ್ಬಿ ತುಂಬ ಖಾಕ್ರಾ ಕೊಟ್ಟು, "ನೀರು ಕುಡೀತಾ ಇರಪ್ಪ" ಅಂದರು. ಅವರ ಮಾತು ಕೇಳಿದ್ದರೆ ಫಲೋಡಿಯ ಕಥೆ ಆಗುತ್ತಿರಲಿಲ್ಲ.

ಗಾಡಿಗೆ ಬೇಕಾದಷ್ಟೇ

ದೊಡ್ಡ ಬೈಕೇ ಬೇಕು ಅಂತಿಲ್ಲ. 150 ಸಿಸಿ ಬೈಕಿನಲ್ಲೂ ಈ ದಾರಿ ಆರಾಮಾಗಿ ಆಗುತ್ತದೆ. ರಸ್ತೆ ಬಹುತೇಕ ಒಳ್ಳೆಯ ಡಾಂಬರು. ಕೆಟ್ಟರೆ ಜೈಸಲ್ಮೇರ್‌ನಲ್ಲಿ ರಿಪೇರಿ ಆಗುವ ಬೈಕ್ ಆಗಿರಲಿ, ಅಷ್ಟು ಸಾಕು.

ಹೊರಡುವ ಮುಂಚೆ ಇಂಜಿನ್ ಆಯಿಲ್ ಬದಲಿಸಿ. ಏರ್ ಫಿಲ್ಟರ್ ಹೊಸದು ಹಾಕಿಸಿ, ಹಳೆಯದನ್ನು ಬಿಸಾಡದೆ ಜೊತೆಗಿಟ್ಟುಕೊಳ್ಳಿ. ಕೂಲೆಂಟ್ ಇರುವ ಗಾಡಿಯಾದರೆ ಮಟ್ಟ ನೋಡಿ, ಬಿಸಿ ಇದ್ದಾಗ ಮುಚ್ಚಳ ಮುಟ್ಟಬೇಡಿ. ಒಂದು ಕ್ಲಚ್ ಕೇಬಲ್ ಜಾಸ್ತಿ ಇರಲಿ.

ಟಯರ್ ವಿಷಯದಲ್ಲಿ ಸ್ವಲ್ಪ ನಿಲ್ಲೋಣ. ಮರುಭೂಮಿಯಲ್ಲಿ ಪಂಕ್ಚರ್ ಮಾಡುವುದು ಮರಳಲ್ಲ, ಮುಳ್ಳು. ನಮ್ಮ ಕಡೆ ಬಳ್ಳಾರಿ ಜಾಲಿ ಅನ್ನುತ್ತೇವಲ್ಲ, ಅದೇ ಗಿಡ ಅಲ್ಲೂ ರಸ್ತೆ ಬದಿ ತುಂಬ ಬೆಳೆದಿದೆ. ಅವರು ವಿಲಾಯತಿ ಬಬೂಲ್ ಅನ್ನುತ್ತಾರೆ. ಮೂತ್ರಕ್ಕೆ ಅಂತ ರಸ್ತೆಯಿಂದ ಹತ್ತು ಅಡಿ ಕೆಳಗಿಳಿಸಿದರೆ ಸಾಕು, ಟಯರ್‌ನಲ್ಲಿ ಎರಡು ಮುಳ್ಳು. ಆದ್ದರಿಂದ ಬೈಕ್ ಡಾಂಬರಿನ ಅಂಚಿನಲ್ಲೇ ಇರಲಿ, ನೀವು ನಡೆದು ಹೋಗಿ. ಟ್ಯೂಬ್‌ಲೆಸ್ ಆದರೆ ಪಂಕ್ಚರ್ ಮುಚ್ಚುವ ಸ್ಟ್ರಿಪ್ ಕಿಟ್ ಮತ್ತು ಚಿಕ್ಕ ಪಂಪ್ ಇರಲಿ. ಟ್ಯೂಬ್ ಇರುವ ಟಯರ್ ಆದರೆ ಹಿಂದಿನ ಚಕ್ರದ ಒಂದು ಟ್ಯೂಬ್ ಒಯ್ಯಿರಿ. ಅದನ್ನು ಬದಲಿಸುವುದನ್ನು ಮನೆ ಮುಂದೆ ಒಮ್ಮೆಯಾದರೂ ಮಾಡಿ ನೋಡಿ. ಗಾಳಿಯನ್ನು ಬೆಳಿಗ್ಗೆ ಹೊರಡುವ ಮುಂಚೆ, ಟಯರ್ ತಣ್ಣಗಿದ್ದಾಗಲೇ ನೋಡಬೇಕು. ಮಧ್ಯಾಹ್ನ ನೋಡಿದರೆ ಜಾಸ್ತಿ ತೋರಿಸುತ್ತದೆ. ಅದನ್ನು ನಂಬಿ ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಟಯರ್ ಮೆತ್ತಗಿರುತ್ತದೆ.

ಚೈನಿಗೆ ದಿನಾ ಎಣ್ಣೆ ಸುರಿಯುವ ಅಭ್ಯಾಸ ಇಲ್ಲಿ ಬೇಡ. ಎಣ್ಣೆಗೆ ಮರಳು ಅಂಟಿ ಅರದ ಹಾಗೆ ತೇಯುತ್ತದೆ. ಸಂಜೆ ಗಾಡಿ ನಿಲ್ಲಿಸಿದ ಮೇಲೆ ಹಳೇ ಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಲೂಬ್ ಹಾಕಿ, ಹೆಚ್ಚಾದದ್ದನ್ನು ಮತ್ತೆ ಒರೆಸಿ. ಇನ್ನೊಂದು ಸಣ್ಣ ವಿಷಯ: ಸೈಡ್ ಸ್ಟ್ಯಾಂಡ್ ಮರಳಿನಲ್ಲಿ ಹೂತು ಬೈಕ್ ಮಗುಚುತ್ತದೆ. ಅಂಗೈ ಅಗಲದ ಹಲಗೆ ತುಂಡಿಗೆ ದಾರ ಕಟ್ಟಿ ಹ್ಯಾಂಡಲ್‌ಗೆ ನೇತುಹಾಕಿಕೊಳ್ಳಿ. ದಾರ ಇಲ್ಲದಿದ್ದರೆ ಹಲಗೆ ಅಲ್ಲೇ ಬಿಟ್ಟು ಬರುತ್ತೀರಿ, ನಾನು ಎರಡು ಬಿಟ್ಟು ಬಂದಿದ್ದೇನೆ.

ದಿನವನ್ನು ಎರಡು ತುಂಡು ಮಾಡಿ

ಬೆಳಿಗ್ಗೆ ಬೆಳಕು ಹರಿದಾಗ ಹೊರಡಬೇಕು. ಹತ್ತೂವರೆಗೆ ಎಲ್ಲಿದ್ದರೂ ನಿಲ್ಲಬೇಕು. ಸಂಜೆ ಐದರ ಮೇಲೆ ಮತ್ತೆ ಹೊರಟು, ಕತ್ತಲಾಗುವ ಮುಂಚೆ ಊರು ಸೇರಬೇಕು. ಇಡೀ ಪ್ರವಾಸದ ನಿಯಮ ಇಷ್ಟೇ.

ಇದರಲ್ಲಿ ನಮಗೆ ಒಂದು ಗೊಂದಲ ಆಗುತ್ತದೆ. ಜೈಸಲ್ಮೇರ್ ನಮಗಿಂತ ಎಷ್ಟೋ ಪಶ್ಚಿಮಕ್ಕಿದೆ, ಗಡಿಯಾರ ಮಾತ್ರ ಒಂದೇ. ಏಪ್ರಿಲ್ ಮಧ್ಯದಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ ಆರು ಗಂಟೆ ದಾಟಿದ ಮೇಲೆ, ಮುಳುಗುವುದು ಏಳರ ಹೊತ್ತಿಗೆ. ಹಾಗಾಗಿ ಮೂರರ ಬಿಸಿಲು ನಮ್ಮೂರಿನ ಎರಡೂವರೆಯ ಬಿಸಿಲಿನ ಹಾಗೆ ಇರುತ್ತದೆ. "ನಾಲ್ಕಾಯಿತಲ್ಲ, ಬಿಸಿಲು ಇಳಿದಿರುತ್ತೆ" ಅಂತ ಹೊರಟರೆ ಮೋಸ ಹೋಗುತ್ತೀರಿ.

ಹಾಗಾದರೆ ತಂಪು ಹೊತ್ತು ಅಂತ ರಾತ್ರಿ ಓಡಿಸಬಾರದೇ? ಬೇಡ. ಒಂಟೆ ಬಲು ಎತ್ತರ. ಹೆಡ್‌ಲೈಟ್ ಬೆಳಕಿಗೆ ಮೊದಲು ಕಾಣುವುದು ಕಡ್ಡಿಯಂಥ ಕಾಲು ಮಾತ್ರ, ಅದೂ ಮರಳಿನ ಬಣ್ಣದ್ದು. ನೀಲಗಾಯ್, ಬೀಡಾಡಿ ಹಸು, ಲೈಟ್ ಇಲ್ಲದ ಟ್ರ್ಯಾಕ್ಟರ್ ಬೇರೆ. ಹೀಗೆ ಕಳೆಯುತ್ತಾ ಹೋದರೆ ಕೈಗೆ ಉಳಿಯುವುದು ಬೆಳಿಗ್ಗೆ ನಾಲ್ಕು ತಾಸು, ಸಂಜೆ ಎರಡು ತಾಸು. ನಿಲ್ಲುವುದು, ಟೀ, ಫೋಟೋ ಎಲ್ಲ ಸೇರಿಸಿ ದಿನಕ್ಕೆ 200 ಕಿಲೋಮೀಟರ್ ಲೆಕ್ಕ ಹಿಡಿಯಿರಿ. ಮ್ಯಾಪ್ ನೋಡಿ "ಜೋಧಪುರ ಜೈಸಲ್ಮೇರ್ 280, ಐದು ಗಂಟೆ ಸಾಕು" ಅಂತ ಯೋಚಿಸಬೇಡಿ. ಮೊದಲ ದಿನ ಫಲೋಡಿಯಲ್ಲೋ ಪೋಖರಣ್‌ನಲ್ಲೋ ಉಳಿಯಿರಿ. ಪೋಖರಣ್‌ನ ಚಮ್‌ಚಮ್ ಎಂಬ ಸಿಹಿ ತಿನ್ನುವುದಕ್ಕಾದರೂ ಉಳಿಯಬೇಕು.

ನನ್ನ ತಪ್ಪು ಇಲ್ಲೇ ಆಗಿದ್ದು. ಹಿಂದಿನ ರಾತ್ರಿ ಲಾಡ್ಜ್‌ನಲ್ಲಿ ಕರೆಂಟ್ ಹೋಗಿ ನಿದ್ದೆ ಬರಲಿಲ್ಲ. ಎದ್ದಾಗ ಎಂಟೂವರೆ. ಆ ದಿನ ಅಲ್ಲೇ ಉಳಿಯಬೇಕಿತ್ತು. ಮುಂದಿನ ಊರಿನ ರೂಮಿಗೆ ದುಡ್ಡು ಕಟ್ಟಿದ್ದೇನೆ ಅಂತ ಹೊರಟೆ. ಆದ್ದರಿಂದ ಈಗ ರೂಮಿಗೆ ಮುಂಗಡ ಕಟ್ಟುವುದೇ ಇಲ್ಲ. ಆ ಸೀಸನ್‌ನಲ್ಲಿ ರೂಮು ಎಲ್ಲ ಕಡೆ ಖಾಲಿ ಇರುತ್ತದೆ.

ಮಧ್ಯಾಹ್ನದ ಆರೂವರೆ ತಾಸು ಏನು ಮಾಡುವುದು ಅಂತ ಚಿಂತೆ ಬೇಡ. ಢಾಬಾದಲ್ಲಿ ಊಟ ಮಾಡಿ, ಕೇಳಿದರೆ ಹಗ್ಗದ ಮಂಚ ಕೊಡುತ್ತಾರೆ. "ರಾಮ್ ರಾಮ್ ಸಾ" ಅಂತ ಮಾತು ಶುರು ಮಾಡಿದರೆ ಸಾಕು. ಹೊರಡುವಾಗ ಎರಡು ಟೀ ಜಾಸ್ತಿ ಹೇಳಿ, ಮಂಚಕ್ಕೆ ಬಾಡಿಗೆ ಕೊಡಲು ಹೋಗಬೇಡಿ, ಬೇಸರ ಮಾಡಿಕೊಳ್ಳುತ್ತಾರೆ.

ಮೈಯೊಳಗಿನ ನೀರು

ಬಿಸಿ ಗಾಳಿಯಲ್ಲಿ ನಡೆಯುವುದೇ ಬೇರೆ. ಗಾಳಿ 35 ಡಿಗ್ರಿಗಿಂತ ಕೆಳಗಿದ್ದರೆ ಬೈಕಿನ ವೇಗ ನಿಮ್ಮನ್ನು ತಣ್ಣಗೆ ಮಾಡುತ್ತದೆ. ಗಾಳಿ ಚರ್ಮಕ್ಕಿಂತ ಬಿಸಿಯಾಯಿತೋ, ಅದೇ ವೇಗ ಮೈಗೆ ಬಿಸಿ ತುಂಬುತ್ತದೆ. ಜೊತೆಗೆ ಗಾಳಿ ಒಣ. ಬೆವರು ಬಂದ ತಕ್ಷಣ ಆರಿ ಹೋಗುತ್ತದೆ. ಮೈ ಒದ್ದೆಯಾಗದ ಕಾರಣ ಬೆವರುತ್ತಿಲ್ಲ ಅನ್ನಿಸುತ್ತದೆ. ಮಾಳಿಗೆ ಮೇಲಿನ ಸಂಡಿಗೆಯ ಹಾಗೆ ಒಣಗುತ್ತಿರುತ್ತೇವೆ, ಗೊತ್ತೇ ಆಗುವುದಿಲ್ಲ.

ಆದ್ದರಿಂದ ಸೆಖೆ ಅಂತ ಜಾಕೆಟ್ ತೆಗೆಯಬೇಡಿ. ಒಳಗೆ ಪೂರ್ತಿ ತೋಳಿನ ಹತ್ತಿ ಅಂಗಿ. ಅದನ್ನು ನೀರಿನಲ್ಲಿ ಅದ್ದಿ, ಹಿಂಡಿ, ಹಾಕಿಕೊಳ್ಳಿ. ಮೇಲೆ ಜಾಲರಿ ಜಾಕೆಟ್. ಕತ್ತಿಗೆ ಒದ್ದೆ ಟವೆಲ್. ಅಂಗಿ ಒಣಗಿದಾಗ ನಿಲ್ಲಿಸಿ ಮತ್ತೆ ಒದ್ದೆ ಮಾಡಿ. ಹೆಲ್ಮೆಟ್ ಗಾಜು ಮುಚ್ಚಿಯೇ ಇರಲಿ. ಮುಖಕ್ಕೆ ಹೊಡೆಯುವ ಬಿಸಿಗಾಳಿ ಕಣ್ಣನ್ನೂ ತುಟಿಯನ್ನೂ ಒಂದೇ ಗಂಟೆಯಲ್ಲಿ ಸುಡುತ್ತದೆ.

ಕುಡಿಯುವುದಕ್ಕೆ ಬಾಯಾರಿಕೆ ಕಾಯಬೇಡಿ. ಕಾಲು ಗಂಟೆಗೋ ಇಪ್ಪತ್ತು ನಿಮಿಷಕ್ಕೋ ಒಂದು ಲೋಟದಷ್ಟು, ಅಂದರೆ ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್. ಬೆನ್ನಿಗೆ ಹಾಕಿಕೊಳ್ಳುವ, ಕೊಳವೆ ಇರುವ ನೀರಿನ ಚೀಲ ಇದ್ದರೆ ಓಡಿಸುತ್ತಲೇ ಕುಡಿಯಬಹುದು. ಒಂಟಿ ಸವಾರರಿಗೆ ನಾನು ಖರ್ಚು ಮಾಡಿ ಅಂತ ಹೇಳುವ ಒಂದೇ ವಸ್ತು ಅದು. ಬಾಟಲಿ ತೆಗೆಯಲು ನಿಲ್ಲಬೇಕು ಅಂದರೆ ಯಾರೂ ನಿಲ್ಲುವುದಿಲ್ಲ, ನಾನೂ ನಿಲ್ಲಲಿಲ್ಲ. ಒಟ್ಟು ಐದು ಲೀಟರ್ ಗಾಡಿಯಲ್ಲಿರಲಿ. ಅದರಲ್ಲಿ ಒಂದು ಲೀಟರ್ ಬೇರೆ ಚೀಲದಲ್ಲಿ, ಮುಟ್ಟುವಂತಿಲ್ಲ. ಬಾಟಲಿಗೆ ಒದ್ದೆ ಕಾಲುಚೀಲ ತೊಡಿಸಿದರೆ ಗಾಳಿಗೆ ತಣ್ಣಗಾಗುತ್ತದೆ. ಅಲ್ಲಿಯ ಜೀಪು, ಲಾರಿಗಳಲ್ಲಿ ನೇತಾಡುವ ಛಾಗಲ್ ಎಂಬ ಕ್ಯಾನ್ವಾಸ್ ನೀರಿನ ಚೀಲವೂ ಇದೇ ಉಪಾಯದ್ದು.

ಬರೀ ನೀರು ಸಾಲದು, ಉಪ್ಪೂ ಬೇಕು. ಓಆರ್‌ಎಸ್ ಪೊಟ್ಟಣದ ಮೇಲೆ ಎಷ್ಟು ನೀರಿಗೆ ಅಂತ ಬರೆದಿದೆಯೋ ಅಷ್ಟೇ ಅಳತೆ. ರುಚಿಗೆ ಅಂತ ಗಟ್ಟಿ ಮಾಡಬೇಡಿ. ಉಳಿದದ್ದನ್ನು ಊರಿನ ಊಟವೇ ನೋಡಿಕೊಳ್ಳುತ್ತದೆ. ಛಾಛ್ ಅಂದರೆ ಮಜ್ಜಿಗೆ. ರಾಬಡಿ ಅಂದರೆ ಸಜ್ಜೆ ಹಿಟ್ಟನ್ನು ಮಜ್ಜಿಗೆಯಲ್ಲಿ ಬೇಯಿಸಿದ್ದು, ನಮ್ಮ ಅಂಬಲಿಯ ಅಣ್ಣ. ಸಜ್ಜೆ ರೊಟ್ಟಿ, ಹಸಿ ಈರುಳ್ಳಿ, ಬೆಳ್ಳುಳ್ಳಿ ಚಟ್ನಿ. ಉತ್ತರ ಕರ್ನಾಟಕದವರಿಗೆ ಮನೆ ಬಿಟ್ಟ ಹಾಗೇ ಅನ್ನಿಸುವುದಿಲ್ಲ. ಕೇರ್ ಸಾಂಗ್ರಿ ಪಲ್ಯದ ಸಾಂಗ್ರಿ ಬರುವುದು ಖೇಜಡಿ ಮರದಿಂದ. ಅದು ನಾವು ದಸರೆಯಲ್ಲಿ ಪೂಜೆ ಮಾಡುವ ಬನ್ನಿ ಮರವೇ. ನಾವು ಬಂಗಾರ ಅಂತ ಎಲೆ ಹಂಚುತ್ತೇವೆ, ಅವರು ಕಾಯಿ ತಿನ್ನುತ್ತಾರೆ. ಮಿರ್ಚಿ ಬಡಾ ಮಾತ್ರ ಸಂಜೆಗೆ ಇಟ್ಟುಕೊಳ್ಳಿ.

ಒಂಟಿ ಸವಾರನಿಗೆ ದೊಡ್ಡ ಕಷ್ಟ ಅಂದರೆ, ನೀನು ಸೋತಿದ್ದೀಯ ಅಂತ ಹೇಳಲು ಯಾರೂ ಇಲ್ಲ. ತಲೆಗೆ ಬಿಸಿ ಏರಿದಾಗ ಮೊದಲು ಹೋಗುವುದೇ ಆ ಬುದ್ಧಿ. ನಾನು ಈಗ ಮಾಡುವುದು ಹೀಗೆ: ಅರ್ಧ ಗಂಟೆಗೊಮ್ಮೆ ಹೆಲ್ಮೆಟ್ ಒಳಗೆ ಹದಿನೇಳರ ಮಗ್ಗಿ ಜೋರಾಗಿ ಹೇಳುತ್ತೇನೆ. ಹದಿನೇಳೇಳಲ ನೂರಾ ಹತ್ತೊಂಬತ್ತರವರೆಗೆ ತಡೆಯದೆ ಹೋದರೆ ಸರಿ. ತಡವರಿಸಿದರೆ ಮುಂದಿನ ನೆರಳಿನಲ್ಲಿ ನಿಲ್ಲುತ್ತೇನೆ. ನಿಮಗೆ ಮೊದಲೇ ಹದಿನೇಳು ಬಾರದಿದ್ದರೆ ಹದಿಮೂರು ಇಟ್ಟುಕೊಳ್ಳಿ.

ತಲೆನೋವು, ವಾಕರಿಕೆ, ಕಾಲು ಸೆಳೆತ, ಮೂತ್ರ ಕಡು ಹಳದಿ, ಇವು ಬಂದರೆ ಆ ದಿನದ ಸವಾರಿ ಮುಗಿಯಿತು. ನೆರಳು, ಓಆರ್‌ಎಸ್, ಒದ್ದೆ ಬಟ್ಟೆ, ನಿದ್ದೆ. ಮಾತು ತೊದಲಿದರೆ, ಎಲ್ಲಿದ್ದೇನೆ ಅಂತ ತಿಳಿಯದಿದ್ದರೆ, ಅದು ಜೀವಕ್ಕೇ ಅಪಾಯ. ತಕ್ಷಣ ಯಾವುದಾದರೂ ವಾಹನಕ್ಕೆ ಕೈ ಮಾಡಿ, 108ಕ್ಕೆ ಫೋನ್ ಮಾಡಿಸಿ, ಬಟ್ಟೆ ಸಡಿಲಿಸಿ ಮೈ ಮೇಲೆಲ್ಲ ನೀರು ಸುರಿಸಿಕೊಳ್ಳಿ. ಕುಡಿಯುವ ನೀರು ಖರ್ಚಾಗುತ್ತದೆ ಅಂತ ನೋಡಬೇಡಿ.

ತಾನೋಟ್ ಸುತ್ತು

ಜೈಸಲ್ಮೇರ್‌ನಲ್ಲಿ ಒಂದು ದಿನ ಸುಮ್ನೆ ಇರಿ. ಕೋಟೆಯೊಳಗೆ ಈಗಲೂ ಜನ ವಾಸ ಮಾಡುತ್ತಾರೆ, ಗಲ್ಲಿಗಳಲ್ಲಿ ನೆರಳಿದೆ. ಮರುದಿನ ತಾನೋಟ್. ಜೈಸಲ್ಮೇರ್‌ನಿಂದ ಸುಮಾರು 120 ಕಿಲೋಮೀಟರ್, ನಡುವೆ ರಾಮಗಢ. ಏಪ್ರಿಲ್‌ನಲ್ಲಿ ಹಿಂದಿನ ಸಂಜೆಯೇ ರಾಮಗಢಕ್ಕೆ ಹೋಗಿ ಉಳಿಯುವುದು ಒಳ್ಳೆಯದು. ರಾಮಗಢದಲ್ಲಿ ಟ್ಯಾಂಕ್ ತುಂಬಿಸಿ. ಅಲ್ಲಿಂದ ತಾನೋಟ್, ಲೋಂಗೇವಾಲಾ ಸುತ್ತಿ ಮತ್ತೆ ರಾಮಗಢಕ್ಕೆ ಬರಲು ಸುಮಾರು 140 ಕಿಲೋಮೀಟರ್ ಆಗುತ್ತದೆ. ಮುಂದೆ ಎಲ್ಲೋ ಪೆಟ್ರೋಲ್ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ.

ರಾಮಗಢ ದಾಟಿದರೆ ಮೊಬೈಲ್ ಸಿಗ್ನಲ್ ಬರುತ್ತದೆ, ಹೋಗುತ್ತದೆ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ನಾನು ಹೊರಡುವ ಮುಂಚೆ ತಮ್ಮನಿಗೆ ಒಂದು ಮೆಸೇಜ್ ಹಾಕುತ್ತೇನೆ: ದಾರಿ, ಗಾಡಿ ನಂಬರ್, ಉಳಿದ ಲಾಡ್ಜಿನ ನಂಬರ್, "ಹನ್ನೆರಡರೊಳಗೆ ಫೋನ್ ಬರದಿದ್ದರೆ ಮೊದಲು ಲಾಡ್ಜ್‌ಗೆ, ಆಮೇಲೆ ಪೊಲೀಸರಿಗೆ ಹೇಳು" ಅಂತ. ಒಂದು ವಿಷಯ ಬಹಳ ಜನಕ್ಕೆ ಹೊಳೆಯುವುದಿಲ್ಲ. ಹುಬ್ಬಳ್ಳಿಯಲ್ಲಿ ಕೂತು 112 ಒತ್ತಿದರೆ ಎತ್ತುವುದು ಕರ್ನಾಟಕದವರು. ಜೈಸಲ್ಮೇರ್ ಪೊಲೀಸ್ ಕಂಟ್ರೋಲ್ ರೂಮಿನ ನಂಬರನ್ನು ಮೊದಲೇ ಮನೆಯವರಿಗೆ ಕೊಟ್ಟಿರಬೇಕು.

ತಾನೋಟ್ ಮಾತಾ ಗುಡಿಯನ್ನು ಬಿಎಸ್‌ಎಫ್ ಯೋಧರೇ ನೋಡಿಕೊಳ್ಳುತ್ತಾರೆ. 1965ರ ಯುದ್ಧದಲ್ಲಿ ಗುಡಿಯ ಸುತ್ತ ಬಿದ್ದ ಶೆಲ್‌ಗಳು ಸಿಡಿಯಲಿಲ್ಲ ಎಂಬ ನಂಬಿಕೆ ಇದೆ. ಸಿಡಿಯದ ಕೆಲವನ್ನು ಅಲ್ಲೇ ಇಟ್ಟಿದ್ದಾರೆ. ಗುಡಿಗೆ, ಲೋಂಗೇವಾಲಾಕ್ಕೆ ಭಾರತೀಯರು ಗುರುತಿನ ಚೀಟಿ ಇಟ್ಟುಕೊಂಡು ಹೋಗಬಹುದು. ಗುಡಿಯಿಂದ ಮುಂದೆ ಗಡಿಯ ಕಂಬದವರೆಗೆ ಹೋಗಬೇಕಾದರೆ ಬಿಎಸ್‌ಎಫ್ ಅನುಮತಿ ಬೇಕು. ವಿದೇಶಿ ಪಾಸ್‌ಪೋರ್ಟ್ ಇರುವ ಕನ್ನಡಿಗರು ಜೈಸಲ್ಮೇರ್‌ನಲ್ಲೇ ವಿಚಾರಿಸಿ ಪರವಾನಗಿ ಪಡೆಯಬೇಕು. ಸೈನ್ಯದ ವಾಹನ, ಠಾಣೆಗಳ ಫೋಟೋ ತೆಗೆಯಬೇಡಿ, ಡ್ರೋನ್ ಮನೆಯಲ್ಲೇ ಬಿಡಿ.

ಲೋಂಗೇವಾಲಾಕ್ಕೆ ಹೋಗುವ ರಸ್ತೆಯಲ್ಲಿ ಗಾಳಿ ಮರಳನ್ನು ತಂದು ಡಾಂಬರಿನ ಮೇಲೆ ಸುರಿದಿರುತ್ತದೆ. ದೂರದಿಂದ ನೋಡಿದರೆ ಬರೀ ಬಣ್ಣ ಬದಲಾದ ಹಾಗೆ ಕಾಣುತ್ತದೆ, ಹತ್ತಿರ ಹೋದರೆ ಅರ್ಧ ಅಡಿ ಮರಳು. ವೇಗವನ್ನು ಅದರ ಮುಂಚೆಯೇ ಇಳಿಸಿ. ಮರಳಿನ ಮೇಲೆ ಮುಂದಿನ ಬ್ರೇಕ್ ಮುಟ್ಟಬಾರದು. ಸೀಟಿನಲ್ಲಿ ಹಿಂದೆ ಸರಿದು, ಎರಡನೇ ಗೇರಿನಲ್ಲಿ, ಒಂದೇ ಸಮ ಆಕ್ಸಿಲರೇಟರ್ ಕೊಟ್ಟು, ನೇರ ದೂರಕ್ಕೆ ನೋಡುತ್ತಾ ದಾಟಿ. ಹ್ಯಾಂಡಲ್ ಸ್ವಲ್ಪ ಅಲ್ಲಾಡುತ್ತದೆ, ಅಲ್ಲಾಡಲಿ, ಬಿಗಿ ಹಿಡಿದರೆ ಬೀಳುತ್ತೀರಿ. ಚಕ್ರ ಹೂತುಕೊಂಡರೆ ಸುಮ್ನೆ ರೇಸ್ ಮಾಡಬೇಡಿ, ಇನ್ನೂ ಇಳಿಯುತ್ತದೆ. ಗಾಡಿಯನ್ನು ಪಕ್ಕಕ್ಕೆ ಮಲಗಿಸಿ, ಗುಂಡಿಗೆ ಮರಳು ತುಂಬಿ, ಎತ್ತಿ ನಿಲ್ಲಿಸಿ ಹೊರಗೆ ತಳ್ಳಿ. 1971ರ ಡಿಸೆಂಬರ್ 4ರ ರಾತ್ರಿ ಇಲ್ಲಿಗೆ ನುಗ್ಗಿದ ಪಾಕಿಸ್ತಾನಿ ಟ್ಯಾಂಕ್‌ಗಳಲ್ಲಿ ಕೆಲವು ಇದೇ ಮೆತ್ತನೆ ಮರಳಿನಲ್ಲಿ ಹೂತುಕೊಂಡವು. ಬೆಳಗಾದ ಮೇಲೆ ಜೈಸಲ್ಮೇರ್‌ನಿಂದ ಬಂದ ಹಂಟರ್ ವಿಮಾನಗಳು ಅವುಗಳನ್ನು ಹೊಡೆದವು. ಅಂದು ಬಿಟ್ಟು ಹೋದ ಟ್ಯಾಂಕ್ ಈಗಲೂ ಸ್ಮಾರಕದಲ್ಲಿದೆ. ಟ್ಯಾಂಕಿಗೇ ಹಾಗೆ ಮಾಡಿದ ಮರಳು ಅದು, ಫೋಟೋಗೆ ಅಂತ ಬೈಕನ್ನು ದಿಬ್ಬಕ್ಕೆ ಹತ್ತಿಸುವವರು ಒಮ್ಮೆ ಅದನ್ನು ನೋಡಿ ಬರಲಿ.

ಪೋಖರಣ್ ಸುತ್ತ ರಸ್ತೆ ಬಿಡಬಾರದು ಅನ್ನುವುದಕ್ಕೆ ಬೇರೆಯೇ ಕಾರಣ ಇದೆ. 1974ರಲ್ಲೂ 1998ರಲ್ಲೂ ಅಣು ಪರೀಕ್ಷೆ ನಡೆದ ಆ ಸೈನಿಕ ವಲಯದಲ್ಲಿ ಈಗಲೂ ಗುಂಡು ಹಾರಿಸುವ ಅಭ್ಯಾಸ ನಡೆಯುತ್ತದೆ. ನೆಲದಲ್ಲಿ ಹೊಳೆಯುವ ಕಬ್ಬಿಣದ ತುಂಡು ಕಂಡರೆ ಮುಟ್ಟಬೇಡಿ.

ರಾಮಗಢದ ಸುತ್ತ ಇಂದಿರಾ ಗಾಂಧಿ ಕಾಲುವೆಯ ನೀರು ಕಾಣುತ್ತದೆ. ಪಂಜಾಬಿನಿಂದ ಇಲ್ಲಿವರೆಗೆ ಹರಿದು ಬಂದ ನೀರು. ಆ ಬಿಸಿಲಿನಲ್ಲಿ ಹಾರಿಬಿಡೋಣ ಅನ್ನಿಸುತ್ತದೆ. ಗೋಡೆ ಇಳಿಜಾರು, ಪಾಚಿ ಕಟ್ಟಿರುತ್ತದೆ, ಇಳಿದವನಿಗೆ ಹತ್ತಲು ಆಗುವುದಿಲ್ಲ. ಟವೆಲ್‌ಗೆ ಹಗ್ಗ ಕಟ್ಟಿ ಅದ್ದಿಕೊಳ್ಳಿ.

ಆಂಧಿ ಬಂದರೆ

ಏಪ್ರಿಲ್‌ನಿಂದ ಜೂನ್‌ವರೆಗೆ ಸಂಜೆ ಹೊತ್ತು ಧೂಳಿನ ಬಿರುಗಾಳಿ ಏಳುತ್ತದೆ. ದಿಗಂತದಲ್ಲಿ ಕಂದು ಗೋಡೆ ಎದ್ದ ಹಾಗೆ ಕಾಣುತ್ತದೆ. ಅದನ್ನು ಓಡಿ ದಾಟುತ್ತೇನೆ ಅಂದುಕೊಳ್ಳಬೇಡಿ. ಹತ್ತಿರ ಢಾಬಾ, ಬಸ್ ನಿಲ್ದಾಣ ಇದ್ದರೆ ಒಳಗೆ ಹೋಗಿ. ಇಲ್ಲದಿದ್ದರೆ ರಸ್ತೆಯಿಂದ ಪೂರ್ತಿ ಕೆಳಗಿಳಿಸಿ, ಪಂಕ್ಚರ್ ಆದರೆ ಆಗಲಿ. ಗಾಡಿಯ ಬೆನ್ನು ಗಾಳಿಗೆ ಕೊಟ್ಟು ನಿಲ್ಲಿಸಿ, ಇಂಜಿನ್ ಮತ್ತು ಲೈಟ್ ಎರಡೂ ಆರಿಸಿ. ಲೈಟ್ ಉರಿಯುತ್ತಿದ್ದರೆ ಹಿಂದೆ ಬರುವ ಲಾರಿಯವನು ಅಲ್ಲೇ ರಸ್ತೆ ಇದೆ ಅಂದುಕೊಂಡು ನಿಮ್ಮ ಮೇಲೇ ಬರಬಹುದು. ನೀವು ಗಾಡಿಯಿಂದ ದೂರ, ವಿದ್ಯುತ್ ಕಂಬದಿಂದ ಇನ್ನೂ ದೂರ, ಗಾಳಿಗೆ ಬೆನ್ನು ಮಾಡಿ ಕುಕ್ಕರುಗಾಲಲ್ಲಿ ಕೂತುಕೊಳ್ಳಿ. ಹೆಲ್ಮೆಟ್ ತೆಗೆಯಬೇಡಿ, ಮೂಗಿಗೆ ಒದ್ದೆ ಟವೆಲ್ ಕಟ್ಟಿಕೊಳ್ಳಿ. ನನಗೆ ಸಿಕ್ಕಿದ್ದು ಇಪ್ಪತ್ತು ನಿಮಿಷದ್ದು, ಎರಡು ಗಂಟೆ ಅನ್ನಿಸಿತು. ಅದು ಕಳೆದ ಮೇಲೆ ರಸ್ತೆಯ ಮೇಲೆ ಹೊಸ ಮರಳು ಇರುತ್ತದೆ, ನೆನಪಿರಲಿ.

ರಾತ್ರಿ ಬೂಟನ್ನು ಹೊರಗಿಟ್ಟರೆ ಬೆಳಿಗ್ಗೆ ತಲೆಕೆಳಗು ಮಾಡಿ ಕೊಡವಿ ಹಾಕಿಕೊಳ್ಳಿ. ಚೇಳು ಬಹಳ. ಬಾಂಡಿ ಅಂತ ಕರೆಯುವ, ಸಣ್ಣದಾದರೂ ವಿಷದ ಹಾವೂ ಇದೆ, ಅದು ಓಡಾಡುವುದು ಕತ್ತಲಲ್ಲಿ. ರಾತ್ರಿ ಹೊರಗೆ ಹೋದರೆ ಟಾರ್ಚ್ ಬೇಕೇ ಬೇಕು.

ವಾಪಸ್

ಜೈಸಲ್ಮೇರ್‌ನಿಂದ ಬಾರ್ಮೇರ್ ಸುಮಾರು 155 ಕಿಲೋಮೀಟರ್, ಒಂದು ಬೆಳಗಿನ ಕೆಲಸ. ಬಾರ್ಮೇರ್‌ನ ಹೊರಗೆ ಟೀ ಅಂಗಡಿಯಲ್ಲಿ ನನ್ನ ಗಾಡಿಯ ಕೆಎ ನಂಬರ್ ನೋಡಿ ಒಬ್ಬರು, "ಎಲ್ಲಿಂದ ಬಂದ್ರಿ? ಗದಗ?" ಅಂದರು. ಇಪ್ಪತ್ತು ವರ್ಷ ಗದಗದಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದವರಂತೆ. ಹತ್ತೂವರೆ ಆಗಿತ್ತು. ಮಧ್ಯಾಹ್ನ ಪೂರ್ತಿ ಅವರ ಮನೆಯ ಕೂಲರ್ ಮುಂದೆ ಕಳೆಯಿತು.

ಬಾರ್ಮೇರ್‌ನಿಂದ ಜೋಧಪುರ ಸುಮಾರು 200, ದೊಡ್ಡ ರಸ್ತೆ, ಲಾರಿ ಜಾಸ್ತಿ. ಇಲ್ಲೂ ಎರಡು ತುಂಡಿನ ನಿಯಮವೇ. ಜೋಧಪುರ ತಲುಪಿದ ಸಂಜೆ ಏರ್ ಫಿಲ್ಟರ್ ಬಿಚ್ಚಿ ನೋಡಿ. ನನ್ನದರಿಂದ ಅರ್ಧ ಹಿಡಿ ಧೂಳು ಬಿತ್ತು. ಜೊತೆಗಿದ್ದ ಹಳೆಯ ಫಿಲ್ಟರ್ ಹಾಕಿಕೊಳ್ಳಿ, ಊರಿಗೆ ಬಂದ ಮೇಲೆ ಹೊಸದು. ಆಯಿಲನ್ನೂ ಆಗಲೇ ಬದಲಿಸಿ, ಬ್ರೇಕ್ ಪ್ಯಾಡ್‌ಗಳನ್ನು ಬಿಚ್ಚಿಸಿ ತೊಳೆಸಿ. ಪಾರ್ಸೆಲ್ ಆಫೀಸಿಗೆ ಹೋಗುವ ಹಿಂದಿನ ದಿನ ಟ್ಯಾಂಕಿಗೆ ಒಂದು ಲೀಟರಿಗಿಂತ ಜಾಸ್ತಿ ಹಾಕಿಸಬೇಡಿ. ಉಳಿದ ಪೆಟ್ರೋಲನ್ನು ಗೋಣಿ ಕಟ್ಟುವವರು ತಾವೇ ತೆಗೆದುಕೊಂಡು ಹೋಗುತ್ತಾರೆ, ಕಟ್ಟುವ ದುಡ್ಡಿನಲ್ಲಿ ಮಾತ್ರ ಒಂದು ರೂಪಾಯಿ ಕಡಿಮೆ ಮಾಡುವುದಿಲ್ಲ.